ಎಂಜಿನಿಯರಿಂಗ್ ವರ್ಕ್ಸ್‌ನಿಂದ ಹೋದ ಕೌದಿ

ನಮ್ಮೆಜಮಾನರು ಮಧ್ಯಾಹ್ನ ಮನೆಗೆ ಬಂದರೆ ಅದಕ್ಕೆ ಎರಡೇ ಕಾರಣ. ಒಂದೋ ಪೀಣ್ಯದಲ್ಲಿ ಕರೆಂಟ್ ಹೋಗಿರಬೇಕು, ಇಲ್ಲಾ ಅವರಿಗೆ ಜ್ವರ ಬಂದಿರಬೇಕು.

ಅವತ್ತು ಎರಡೂ ಆಗಿರಲಿಲ್ಲ. ಚಪ್ಪಲಿ ಕೂಡ ಬಿಚ್ಚದೆ ಬಾಗಿಲಲ್ಲೇ ನಿಂತಿದ್ದರು. ಕೈಗೆ ಮೆತ್ತಿದ್ದ ಗ್ರೀಸ್ ಹಾಗೇ ಇತ್ತು.

"ನಾನು ಕಳ್ಳ ಅಂತ," ಅಂದರು.

"ಯಾರಂದ್ರು?"

"ಆ ಪೇಮೆಂಟ್ ಕಂಪನಿಯವ್ರು. ವೈಟ್‌ಫೀಲ್ಡ್‌ನಾಗ ಯಾರದೋ ಕ್ರೆಡಿಟ್ ಕಾರ್ಡಿಂದ ನಮ್ಮ ವರ್ಕ್‌ಶಾಪ್‌ನವ್ರು ದುಡ್ಡು ಹೊಡದಾರಂತ. ಒಂದ್ಸಲ ಅಲ್ಲ, ಎರಡು ಸಲ!"

ನನ್ನ ಕೈಯಲ್ಲಿದ್ದ ಸೌಟು ಕೈಯಲ್ಲೇ ಉಳಿಯಿತು. ಇಪ್ಪತ್ತು ವರ್ಷದಿಂದ ಲೇತ್ ಮಶೀನಿನಲ್ಲಿ ಪಂಪ್‌ಸೆಟ್ಟಿನ ಬುಷ್ ಕಡೆಯುತ್ತಿರುವ ಮನುಷ್ಯ. ಸ್ವಂತಕ್ಕೆ ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳಲು ಹೆದರುವವರು ಇನ್ನೊಬ್ಬರ ಕಾರ್ಡಿಗೆ ಕೈ ಹಾಕುತ್ತಾರೆಯೇ?

ಅವರು ಹಾಕಿರಲಿಲ್ಲ. ಹಾಕಿದವಳು ನಾನು.

ಗಾಬರಿಯಾಗಬೇಡಿ. ವಿಷಯ ಇಷ್ಟೇ. ನಾನೂ ನಮ್ಮ ಅತ್ತೆಯೂ ಸೇರಿ ಇಂಟರ್‌ನೆಟ್ಟಿನಲ್ಲಿ ಒಂದು ಸಣ್ಣ ಅಂಗಡಿ ನಡೆಸುತ್ತೇವೆ. ಕೌದಿ ಅಂಗಡಿ. ಹಳೆಯ ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಕೈಯಲ್ಲಿ ಹೊಲಿದ ಹೊದಿಕೆ. ರಾಣೆಬೆನ್ನೂರಿನಿಂದ ದಾಸರಹಳ್ಳಿಗೆ ಬಂದ ಮೇಲೆ ಅತ್ತೆಗೆ ಹೊತ್ತು ಹೋಗುತ್ತಿರಲಿಲ್ಲ. ಹೊಲಿದು ಹೊಲಿದು ಬೀರು ತುಂಬಿಸಿದರು. ಆಮೇಲೆ ದಿವಾನದ ಕೆಳಗೆ ತುಂಬಿಸಿದರು. ಕೊನೆಗೆ ನನ್ನ ಸೀರೆಗಳ ಕಡೆ ನೋಡತೊಡಗಿದಾಗ ನಾನು ಎಚ್ಚೆತ್ತುಕೊಂಡು ಅಂಗಡಿ ತೆರೆದೆ.

ಫೋಟೋ ಹಾಕುವುದು ಸುಲಭ. ಹೆಸರಿಡುವುದು ಇನ್ನೂ ಸುಲಭ. ಕಷ್ಟ ಶುರುವಾಗಿದ್ದು ಗಿರಾಕಿಯ ಕಾರ್ಡಿನಿಂದ ಹಣ ತೆಗೆದುಕೊಳ್ಳುವ ವ್ಯವಸ್ಥೆ ಮಾಡಲು ಹೋದಾಗ. ಪೇಮೆಂಟ್ ಕಂಪನಿಯವರು ಕರೆಂಟ್ ಅಕೌಂಟ್ ಇದೆಯಾ ಅಂದರು. ಇಲ್ಲ. ತೆರಿಗೆಯ ಟಿನ್ ನಂಬರ್? ಇಲ್ಲ. ಅಂಗಡಿ ಲೈಸೆನ್ಸ್? (ನಮ್ಮ ಅಂಗಡಿ ಎಂದರೆ ನಡುಮನೆಯ ಮೂಲೆಯಲ್ಲಿರುವ ಒಂದು ಚಾಪೆ. ಅದಕ್ಕೆ ಲೈಸೆನ್ಸ್ ಯಾರು ಕೊಡುತ್ತಾರೆ?) ಇದೆಲ್ಲ ಇದ್ದದ್ದು ನಮ್ಮೆಜಮಾನರ ಎಂಜಿನಿಯರಿಂಗ್ ವರ್ಕ್ಸ್‌ಗೆ. (ಅದರ ಹೆಸರು ಬೇಡ ಬಿಡಿ, ಆಗಿರುವ ಅವಮಾನವೇ ಸಾಕು.) ಸದ್ಯಕ್ಕೆ ಅದರ ಹೆಸರಿನಲ್ಲೇ ಇರಲಿ ಅಂದುಕೊಂಡೆ. ನಮ್ಮ ಕಡೆ ಸದ್ಯಕ್ಕೆ ಎಂದು ಮಾಡಿದ್ದು ಎಷ್ಟು ವರ್ಷ ನಡೆಯುತ್ತದೆಂದು ನಿಮಗೂ ಗೊತ್ತಲ್ಲ.

ಹೀಗಾಗಿ ಯಾರು ನಮ್ಮಲ್ಲಿ ಕೌದಿ ಕೊಂಡರೂ ಅವರ ಕಾರ್ಡಿನ ಬಿಲ್ಲಿನಲ್ಲಿ ಬರುವುದು ಎಂಜಿನಿಯರಿಂಗ್ ವರ್ಕ್ಸ್, ಪೀಣ್ಯ. ಇಷ್ಟು ದಿನ ಯಾರೂ ಕೇಳಿರಲಿಲ್ಲ.

ಆ ಪೇಮೆಂಟ್ ಕಂಪನಿಯ ಹುಡುಗನಿಗೆ ನಾನೇ ಫೋನ್ ಮಾಡಿದೆ. ಪಾಪ, ಸಮಾಧಾನದಿಂದಲೇ ಮಾತಾಡಿದ.

"ಮೇಡಂ, ಕಾರ್ಡ್ ಹೋಲ್ಡರ್ ಇದು ನಾನು ಮಾಡಿದ್ದಲ್ಲ ಅಂತ ಕಂಪ್ಲೇಂಟ್ ಕೊಟ್ಟಿದಾರೆ. ನೀವು ಡೆಲಿವರಿ ಪ್ರೂಫ್ ಕಳ್ಸಿ. ಅದನ್ನ ಬ್ಯಾಂಕ್‌ಗೆ ಕೊಡ್ತೀವಿ, ಬ್ಯಾಂಕ್‌ನವ್ರು ಅವ್ರಿಗೆ ಒಂದ್ ಕಾಪಿ ಕಳಿಸ್ತಾರೆ. ಕೇಸ್ ಕ್ಲೋಸ್."

"ಕಳಿಸದೇ ಇದ್ರೆ?"

"ದುಡ್ಡು ವಾಪಸ್ ಹೋಗುತ್ತೆ ಮೇಡಂ. ನಿಮ್ ಸಂಸ್ಥೆ ಮೇಲೆ ಫ್ರಾಡ್ ಅಂತ ಒಂದು ಮಾರ್ಕ್ ಬೀಳುತ್ತೆ. ಅದು ಬಿದ್ರೆ ಮುಂದೆ ಬ್ಯಾಂಕ್ ಕೆಲಸಕ್ಕೆಲ್ಲ ತೊಂದ್ರೆ."

ಪಕ್ಕದಲ್ಲೇ ಕಿವಿ ಕೊಟ್ಟು ಕೇಳುತ್ತಿದ್ದ ನಮ್ಮೆಜಮಾನರ ಮುಖ ಬಿಳಿಚಿಕೊಂಡಿತು. ಹೊಸ ಲೇತ್ ಮಶೀನಿಗೆ ಅವರು ಅದೇ ತಿಂಗಳು ಬ್ಯಾಂಕಿನಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದರು.

ಯಾವ ಗಿರಾಕಿ ಎಂದು ಹುಡುಕುವುದೇನೂ ಕಷ್ಟವಾಗಲಿಲ್ಲ. ಒಂದೇ ಸಾಮಾನಿಗೆ ಎರಡು ಸಲ ಹಣ ಕಟ್ಟಿಸಿಕೊಂಡಿದ್ದು ಒಬ್ಬಳಿಂದ ಮಾತ್ರ. ಅದಕ್ಕೂ ಒಂದು ಕಥೆಯಿದೆ.

ಆಕೆಯನ್ನು ಸಹನಾ ಎನ್ನೋಣ. (ಹೆಸರು ಬದಲಿಸಿದ್ದೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಗದಗಿನ ಕಡೆಯ ಹುಡುಗಿ. ತನ್ನ ಬಳಿಯಿದ್ದ ಒಂದು ಹಳೆಯ ಇಳಕಲ್ ಸೀರೆಯನ್ನು ಕೊರಿಯರ್ ಮಾಡಿ, ಇದರಲ್ಲಿ ಒಂದು ಕೌದಿ ಹೊಲಿದುಕೊಡಿ ಎಂದು ಕೇಳಿದ್ದಳು. ದೊಡ್ಡದು ಬೇಡ ಮೇಡಂ, ಚಿಕ್ಕದು ಸಾಕು ಅಂದಿದ್ದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಮನೆ ವಿಳಾಸ ಬೇಡ, ಆಫೀಸಿಗೆ ಕಳಿಸಿ ಅಂದಳು. ಅದಕ್ಕೂ ಏನೂ ಅನ್ನಿಸಲಿಲ್ಲ.

ಅತ್ತೆ ಮಾತ್ರ ಆ ಸೀರೆಯನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತಿದ್ದರು.

ಕೌದಿ ಹೊಲಿದಾಯಿತು. ಪ್ಯಾಕ್ ಮಾಡುವಾಗ ನೋಡುತ್ತೇನೆ, ಒಂದು ಮೂಲೆಗೆ ಹೊಲಿಗೆಯೇ ಬಿದ್ದಿಲ್ಲ! ಪದರಗಳು ಬಾಯಿ ಬಿಟ್ಟುಕೊಂಡಿವೆ. ದಾರ ಹಾಗೇ ಉದ್ದಕ್ಕೆ ನೇತಾಡುತ್ತಿದೆ.

"ಅತ್ತೀ, ಮೂಲಿ ಬಿಟ್ಟೀರಿ," ಅಂದೆ.

"ಇರ್ಲಿ. ಹಂಗ ಕಳಸು."

"ಗಿರಾಕಿ ಬೈತಾಳ್ರೀ."

"ಬೈದ್ರ ನನಗ ಫೋನ್ ಕೊಡು."

ವಯಸ್ಸಾಯಿತು, ಕಣ್ಣು ಮಂಜಾಗಿದೆ, ಒಪ್ಪಿಕೊಳ್ಳಲು ನಾಚಿಕೆ ಎಂದು ನಾನು ಲೆಕ್ಕ ಹಾಕಿದೆ. ನಾನೇ ಹೊಲಿದುಬಿಡೋಣವೆಂದರೆ ಅವರ ಹೊಲಿಗೆಯ ಪಕ್ಕದಲ್ಲಿ ನನ್ನದು ಎದ್ದು ಕಾಣುತ್ತದೆ. ಸುಮ್ಮನೆ ಪೆಟ್ಟಿಗೆಗೆ ಹಾಕಿ ಕೊರಿಯರ್ ಅಂಗಡಿಗೆ ಹೊತ್ತುಕೊಂಡು ಹೋದೆ.

ಅಲ್ಲಿ ಇನ್ನೊಂದು ಆಘಾತ ಕಾದಿತ್ತು. ನಾನು ಮನೆಯಲ್ಲಿ ತೂಗಿ, ಒಂದು ಕೇಜಿಯ ಒಳಗಿದೆ ಎಂದು ಖಾತ್ರಿ ಮಾಡಿಕೊಂಡು, ಅಷ್ಟಕ್ಕೇ ಶಿಪ್ಪಿಂಗ್ ಚಾರ್ಜ್ ಹಾಕಿದ್ದೆ. ಕೊರಿಯರಿನವನು ತಕ್ಕಡಿಯನ್ನು ಮುಟ್ಟಲೇ ಇಲ್ಲ. ಟೇಪ್ ತೆಗೆದು ಪೆಟ್ಟಿಗೆಯ ಉದ್ದ ಅಗಲ ಎತ್ತರ ಅಳೆದ. ಕ್ಯಾಲ್ಕುಲೇಟರ್ ಒತ್ತಿದ.

"ಮೂರ್ ಕೇಜಿ ಅಕ್ಕ."

"ಏನಪ್ಪಾ, ತೂಕ ಹಾಕಿ ನೋಡು!"

"ತೂಕಕ್ಕಲ್ಲ ಅಕ್ಕ, ಜಾಗಕ್ಕೆ. ನಿಮ್ ಡಬ್ಬಿ ಗಾಡೀಲಿ ಎಷ್ಟ್ ಜಾಗ ತಿನ್ನುತ್ತೋ ಅಷ್ಟಕ್ಕೆ ಚಾರ್ಜು."

ಅಂದರೆ ಪೆಟ್ಟಿಗೆಯೊಳಗಿನ ಗಾಳಿಗೂ ನಾನು ದುಡ್ಡು ಕೊಡಬೇಕು! ದಾಸರಹಳ್ಳಿಯಿಂದ ವೈಟ್‌ಫೀಲ್ಡಿಗೆ ಗಾಳಿ ಕಳಿಸುವುದಕ್ಕೆ ಇಷ್ಟು ಖರ್ಚಾಗುತ್ತದೆಯೇ? (ಇಲ್ಲಿಯ ಗಾಳಿಯಲ್ಲಿ ಪೀಣ್ಯದ ಹೊಗೆ ಇರುವುದರಿಂದ ತೂಕ ಸ್ವಲ್ಪ ಹೆಚ್ಚಿರಬಹುದು.) ಜಗಳವಾಡಿ ಸೋತೆ. ಸಹನಾಗೆ ಫೋನ್ ಮಾಡಿ, ಶಿಪ್ಪಿಂಗ್ ಬಾಬ್ತು ಇನ್ನಷ್ಟು ಕಟ್ಟಬೇಕಾಗುತ್ತದೆ ಎಂದು ಇನ್ನೊಂದು ಪೇಮೆಂಟ್ ಲಿಂಕ್ ಕಳಿಸಿದೆ. ಪಾಪ, ಮರುಮಾತಾಡದೆ ಕಟ್ಟಿದಳು. ಹೀಗೆ ಒಂದೇ ಕಾರ್ಡಿನಲ್ಲಿ ಎಂಜಿನಿಯರಿಂಗ್ ವರ್ಕ್ಸ್ ಹೆಸರು ಎರಡು ಸಲ ಬಿತ್ತು.

ಈಗ ಬೇರೆಯವರ ಸಾಮಾನು ತೆಗೆದುಕೊಂಡು ನಾನು ಕೊಂಡೇ ಇಲ್ಲ ಎನ್ನುವುದೆಂದರೆ? ಓದಿದವಳು, ಒಳ್ಳೆಯ ಕೆಲಸದಲ್ಲಿರುವವಳು! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಸಹಿಯಿರುವ ಕೊರಿಯರ್ ರಸೀದಿಯ ಕಾಪಿ ತರಿಸಿಕೊಂಡೆ. ಸ್ಕ್ಯಾನ್ ಮಾಡಿಸಿದೆ. ಮೇಲ್ ಬರೆದೆ. ಇನ್ನು ಕಳಿಸುವುದೊಂದೇ ಬಾಕಿ.

ಕಳಿಸುವ ಮುಂಚೆ ಒಂದು ಮಾತು ಬೈಯದೇ ಬಿಟ್ಟರೆ ಹೇಗೆ? ಫೋನ್ ಹಚ್ಚಿದೆ. ಅತ್ತೆ ಚಾಪೆಯ ಮೇಲೆ ಕೂತು ಕೇಳುತ್ತಿದ್ದರು. ನಾನು ಸ್ಪೀಕರ್‌ಗೆ ಹಾಕಿದೆ, ನನ್ನ ಪ್ರತಾಪ ಅವರೂ ಕೇಳಲಿ ಎಂದು.

"ಸಹನಾ ಅವರೇ, ಕೌದಿ ನಿಮ್ಮ ಕೈಗೆ ಸೇರಿದೆಯೋ ಇಲ್ಲವೋ?"

"ಒಂದ್ ನಿಮಿಷ ಮೇಡಂ." ಕುರ್ಚಿ ಸರಿದ ಸದ್ದು, ಬಾಗಿಲ ಸದ್ದು. ಆಮೇಲೆ ಪಿಸುಮಾತು. "ಸೇರಿದೆ. ನಾನೇ ತಗೊಂಡಿದ್ದು. ಆದ್ರೆ ಮೇಡಂ, ದಯವಿಟ್ಟು ನಾನು ತಗೊಂಡೆ ಅಂತ ಬ್ಯಾಂಕ್‌ಗೆ ಹೇಳ್ಬೇಡಿ."

ಬೈಯಲು ಜೋಡಿಸಿಟ್ಟುಕೊಂಡಿದ್ದದ್ದೆಲ್ಲ ಮರೆತುಹೋಯಿತು.

"ಕಾರ್ಡು ನಮ್ಮನೆಯವ್ರದ್ದು. ಅವತ್ತು ನನ್ ಕಾರ್ಡ್ ಫೇಲ್ ಆಗ್ತಾನೇ ಇತ್ತು, ಅದಕ್ಕೇ ಅದನ್ನ ಹಾಕ್ದೆ. ಪಾಸ್‌ವರ್ಡ್ ಇಬ್ರಿಗೂ ಗೊತ್ತು. ಅವ್ರು ಬಿಲ್ಲು ನೋಡಿ ಎಂಜಿನಿಯರಿಂಗ್ ವರ್ಕ್ಸ್ ಏನಿದು, ನೀನೇನಾದ್ರೂ ತಗೊಂಡ್ಯಾ ಅಂತ ಕೇಳಿದ್ರು. ಇಲ್ಲ ಅಂದ್ಬಿಟ್ಟೆ. ಕಂಪ್ಲೇಂಟ್ ಕೊಡ್ತಾರೆ ಅಂತ ಗೊತ್ತಿರ್ಲಿಲ್ಲ ಮೇಡಂ."

"ಒಂದು ಕೌದಿ ತಗೊಂಡೆ ಅನ್ನೋಕೆ ಏನ್ರೀ ಭಯ?"

ಅವಳು ದನಿಯನ್ನು ಇನ್ನೂ ತಗ್ಗಿಸಿದಳು.

"ನಾನು ಬಸುರಿ ಮೇಡಂ. ಮುಂದಿನ ತಿಂಗಳು ಡೇಟ್ ಇದೆ."

ಆಮೇಲೆ ಅವಳು ಹೇಳಿದ್ದನ್ನು ಹೇಗೆ ಬರೆಯಲಿ? ಇದು ಅವಳಿಗೆ ಎರಡನೆಯ ಬಸಿರು. ಮೊದಲ ಸಲ ಅವಳು ಖುಷಿಯಿಂದ ಎಲ್ಲವನ್ನೂ ಮೊದಲೇ ತಂದಿಟ್ಟುಕೊಂಡಿದ್ದಳಂತೆ. ಟೋಪಿ, ಕಾಲುಚೀಲ, ತೊಟ್ಟಿಲು. ಮಗು ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಗಂಡನೇ ಅದನ್ನೆಲ್ಲ ಒಂದೊಂದಾಗಿ ಡಬ್ಬಿಗೆ ತುಂಬಿ ಎಲ್ಲಿಗೋ ಕೊಟ್ಟು ಬಂದ.

"ಅವ್ರು ಒಳ್ಳೆಯವ್ರು ಮೇಡಂ. ಒಂದ್ ಮಾತು ಅಂದಿಲ್ಲ. ಈ ಸಲ ಕೇಳಿದ್ದು ಒಂದೇ. ಮಗು ಕೈಗೆ ಬರೋವರ್ಗೂ ಮನೆಗೆ ಏನೂ ತರೋದ್ ಬೇಡ ಅಂತ. ನಾನು ಹೂಂ ಅಂದಿದ್ದೆ. ಈಗ ನೀವು ಪ್ರೂಫ್ ಕಳಿಸಿದ್ರೆ ಅವ್ರಿಗೆ ಗೊತ್ತಾಗುತ್ತೆ. ಉಳಿದಿರೋ ದಿನಾನೆಲ್ಲ ಹೆದರಿಕೊಂಡೇ ಕಳೀತಾರೆ. ಏನಾದ್ರೂ ಹೆಚ್ಚು ಕಡಿಮೆ ಆದ್ರೆ..."

"ಮತ್ಯಾಕೆ ತರಿಸಿದ್ರಿ?" ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಆ ಸೀರಿ ನಮ್ಮವ್ವಂದು ಮೇಡಂ." ಅಲ್ಲಿಯವರೆಗೆ ಬೆಂಗಳೂರಿನ ಕನ್ನಡ ಮಾತಾಡುತ್ತಿದ್ದ ಹುಡುಗಿ ಒಮ್ಮೆಲೇ ಊರಿನ ಮಾತಿಗೆ ಇಳಿದಳು. "ಕೂಸಿಗೆ ತವರಿನ ಕೌದಿ ಬರಬೇಕಲ್ರೀ. ಅವ್ವ ಹೋದ ವರ್ಷ ತೀರಿಕೊಂಡ್ಲು. ತವರಿನಾಗ ಹೊಲಿಯೋರು ಯಾರೂ ಇಲ್ಲ. ಅದಕ್ಕ ನಾನ ತರಿಸಿಕೊಂಡೆ."

"ಈಗ ಎಲ್ಲಿದೆ ಅದು?"

"ಆಫೀಸಿನ್ಯಾಗ. ಡ್ರಾಯರ್‌ನಾಗಿಟ್ಟು ಕೀಲಿ ಹಾಕೀನಿ."

ದಿನವಿಡೀ ಕಂಪ್ಯೂಟರಿನ ಮುಂದೆ ಕೂತು ಯಾವುದೋ ದೇಶದ ಆಸ್ಪತ್ರೆಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಹುಡುಗಿ. ಅವಳ ಡ್ರಾಯರಿನಲ್ಲಿ, ಗಂಡನಿಗೂ ಗೊತ್ತಿಲ್ಲದ ಹಾಗೆ, ಒಂದು ಕೌದಿ! ಕಳ್ಳತನದ ಮಾಲು ಬಚ್ಚಿಡುವವರೂ ಇಷ್ಟು ಹೆದರುವುದಿಲ್ಲ. ತವರಿನ ಉಡುಗೊರೆಯನ್ನು ತಾನೇ ಆರ್ಡರ್ ಮಾಡಿ, ತಾನೇ ಹಣ ಕಟ್ಟಿ, ಗಾಳಿಗೂ ಸೇರಿಸಿ ಶಿಪ್ಪಿಂಗ್ ಕಟ್ಟಿದ್ದಾಳೆ. ಕಟ್ಟಿಸಿಕೊಂಡವಳು ನಾನು. ಮೇಲೆ ಇನ್ನೊಂದು ಲಿಂಕ್ ಕಳಿಸಿದವಳೂ ನಾನೇ.

ಇನ್ನೂ ಒಂದು ವಿಚಾರ ಹೊಳೆಯಿತು. ಬಿಲ್ಲಿನಲ್ಲಿ ನಮ್ಮ ಕೌದಿ ಅಂಗಡಿಯ ಹೆಸರೇ ಬಂದಿದ್ದರೆ? ಅವತ್ತೇ ಅವಳ ಗುಟ್ಟು ರಟ್ಟಾಗುತ್ತಿತ್ತು. ನನ್ನ ಸೋಮಾರಿತನ ಅವಳನ್ನು ಕಾಪಾಡಿತ್ತು.

ಅತ್ತೆ ಕೈ ಚಾಚಿದರು. "ಕೊಡು ಇಲ್ಲಿ ಫೋನ್."

"ಯವ್ವಾ, ಕೌದಿಯ ಒಂದು ಮೂಲಿ ನೋಡೀಯೇನು?"

"ನೋಡೀನಮ್ಮಾ. ಹೊಲಿಗಿ ಬಿಟ್ಟೈತಿ. ನಾನ ಹಾಕಬೇಕಂತಿದ್ದೆ."

"ಹಾಕಬ್ಯಾಡ. ನಾನ ಬೇಕಂತ ಬಿಟ್ಟೀನಿ. ಅಳತಿ ನೋಡಿದಾಗ್ಲೇ ಕೂಸಿಂದು ಅಂತ ತಿಳೀತು. ನಮ್ಮನ್ಯಾಗ ಹುಟ್ಟೋ ಕೂಸಿನ ಕೌದಿಗೆ ಕಡೀ ಮೂಲಿ ಹೊಲಿಯೂದಿಲ್ಲ. ಕೂಸು ಬಂದ ಮ್ಯಾಲ ನಾಕು ಅಕ್ಕಿಕಾಳು ಹಾಕಿ ಹೊಲೀತೀವಿ. ಅಲ್ಲೀತನಾ ಅದು ಕೌದಿ ಅಲ್ಲ, ಬರೇ ಅರಿವಿ ತುಂಡು. ನೀ ಕೂಸಿಗೆ ಏನೂ ತಂದಿಲ್ಲ. ತಿಳೀತಿಲ್ಲೋ?"

ಫೋನಿನಲ್ಲಿ ಅಳುವಿನ ಸದ್ದು ಕೇಳಿಸಿತು. ಅತ್ತೆ ಅದನ್ನು ನಿಲ್ಲಿಸಲು ಹೋಗಲಿಲ್ಲ. ಫೋನನ್ನು ಮಡಿಲಲ್ಲಿಟ್ಟುಕೊಂಡು, ಅವಳಿಗೆ ಸಾಕಾಗುವವರೆಗೆ ಸುಮ್ಮನೆ ಕೂತಿದ್ದರು.

ನಾನು ಈ ಅತ್ತೆಯ ಜೊತೆ ಇಷ್ಟು ವರ್ಷದಿಂದ ಒಂದೇ ಮನೆಯಲ್ಲಿದ್ದೇನೆ. ಈ ಪದ್ಧತಿಯ ಬಗ್ಗೆ ನನಗೆ ಗೊತ್ತೇ ಇರಲಿಲ್ಲ. ನನ್ನ ಮಕ್ಕಳ ಕೌದಿ ಹೊಲಿದಾಗಲೂ ಹೇಳಿರಲಿಲ್ಲವಲ್ಲ ಎಂದು ಕೇಳಿದರೆ, "ನಿನಗ ಭಯ ಇರ್ಲಿಲ್ಲ, ಹೇಳೂದು ಯಾಕ?" ಅಂದರು.

ಸರಿ, ಕೌದಿಯ ಕಥೆ ಹಾಗಾಯಿತು. ಎಂಜಿನಿಯರಿಂಗ್ ವರ್ಕ್ಸ್‌ನ ಕಥೆ? ಪ್ರೂಫ್ ಕಳಿಸಿದರೆ ಆ ಹುಡುಗಿಯ ಮನೆಯಲ್ಲಿ ಬೆಂಕಿ. ಕಳಿಸದಿದ್ದರೆ ನಮ್ಮೆಜಮಾನರ ಹೆಸರಿಗೆ ಮಸಿ. ರಾತ್ರಿ ಊಟಕ್ಕೆ ಕೂತಾಗ ಎಲ್ಲವನ್ನೂ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ ಕೇಳಿದರು. ಸಾಲದ ಅರ್ಜಿಯ ಮಾತೆತ್ತುತ್ತಾರೆ ಎಂದು ಕಾದೆ.

"ಕೆಲಸ ಪೂರ್ತಿ ಆಗಿತ್ತೇನು?" ಎಂದು ಕೇಳಿದರು.

"ಯಾವ ಕೆಲಸ?"

"ಕೌದಿದು. ಮೂಲಿ ಬಾಕಿ ಐತಿ ಅಂದಿ. ಅರ್ಧ ಕಡದ ಬುಷ್ ಕಳಿಸಿ ನಾನು ಪೂರ್ತಿ ಬಿಲ್ ಮಾಡಿದ್ರ ಗಿರಾಕಿ ಸುಮ್ನಿರ್ತಾನೇನು? ತಪ್ಪು ನಮ್ದ. ಹಂಗ ಬರಿ."

ಮರುದಿನ ಹಾಗೇ ಬರೆದೆ. ಕೆಲಸ ಪೂರ್ತಿಯಾಗುವ ಮುಂಚೆ ನಮ್ಮಿಂದ ಬಿಲ್ ಆಗಿದೆ, ಎರಡೂ ಮೊತ್ತ ವಾಪಸ್ ಮಾಡುತ್ತೇವೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಪೇಮೆಂಟ್ ಕಂಪನಿಯ ಹುಡುಗನೇ ದಿಗಿಲುಬಿದ್ದ. "ಮೇಡಂ, ನಿಮ್ ಹತ್ರ ಸೈನ್ ಇರೋ ಪ್ರೂಫ್ ಇದೆ ಅಂದ್ರಲ್ಲ? ನೀವೇ ಗೆಲ್ತಿದ್ರಿ!" ಇರಲಿ ಬಿಡಪ್ಪಾ ಅಂದೆ. ನಾವಾಗಿಯೇ ವಾಪಸ್ ಕೊಟ್ಟಿದ್ದರಿಂದ ಫ್ರಾಡ್ ಎಂಬ ಮಾರ್ಕ್ ಬೀಳಲಿಲ್ಲ. ಎಚ್ಚರಿಕೆ ಎಂಬ ಸಣ್ಣ ಮಾರ್ಕ್ ಬಿತ್ತು. ಮಶೀನಿನ ಸಾಲ ತಡವಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಸಹನಾಳ ಗಂಡ ವರ್ಕ್‌ಶಾಪಿನ ನಂಬರ್ ಹುಡುಕಿ ಫೋನ್ ಮಾಡಿದ. ಊಟದ ಡಬ್ಬಿ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ. ಲೇತ್ ಸದ್ದಿನ ನಡುವೆಯೂ ಆ ಬೈಗುಳ ನನಗೆ ಕೇಳಿಸುತ್ತಿತ್ತು. ನಿಮ್ಮಂಥವರಿಂದಲೇ ಜನ ಕಾರ್ಡ್ ಬಳಸಲು ಹೆದರುವುದು, ಪೊಲೀಸಿಗೆ ಕೊಡಬೇಕು ನಿಮ್ಮನ್ನು, ಹೀಗೆಲ್ಲ. ನಮ್ಮೆಜಮಾನರು ಮಶೀನ್ ಆಫ್ ಮಾಡಿದರು.

"ತಪ್ಪಾಗಿದೆ ಸಾರ್. ನಮ್ದೇ ತಪ್ಪು. ದುಡ್ಡು ವಾಪಸ್ ಬರುತ್ತೆ ಸಾರ್. ಕ್ಷಮಿಸಿ."

ಮದುವೆಯಾದಾಗಿನಿಂದ ನನ್ನ ಬಳಿ ಒಂದೇ ಒಂದು ಸಲ ಕ್ಷಮಿಸು ಅನ್ನದ ಮನುಷ್ಯ!

ಆಮೇಲೆ ನಾವು ಕಾದೆವು. ಕೌದಿಯ ಹೊಸ ಆರ್ಡರ್‌ಗಳು ಬಂದವು, ಹೋದವು. ಅತ್ತೆ ದಿನಾ ಪೂಜೆ ಮುಗಿಸಿ ವಿಭೂತಿ ಹಚ್ಚಿಕೊಳ್ಳುವಾಗ, ಬಾಯಿಬಿಟ್ಟು ಹೇಳದಿದ್ದರೂ, ಯಾರನ್ನು ನೆನೆಯುತ್ತಿದ್ದಾರೆಂದು ಗೊತ್ತಾಗುತ್ತಿತ್ತು. ಗಿರಾಕಿಯೊಬ್ಬಳ ಹೆರಿಗೆಗೆ ಮನೆಮಂದಿಯೆಲ್ಲ ಹೀಗೆ ಜೀವ ಕೈಯಲ್ಲಿ ಹಿಡಿದು ಕೂರುವುದುಂಟೇ? ಫೋನ್ ಮಾಡಲು ನನಗೆ ಧೈರ್ಯ ಬರಲಿಲ್ಲ.

ಫೋನ್ ಆ ಕಡೆಯಿಂದಲೇ ಬಂತು. ಹೆಣ್ಣುಮಗು. ಇಬ್ಬರೂ ಕ್ಷೇಮ. ಅತ್ತೆ ಏನೂ ಅನ್ನದೆ ಅಡುಗೆಮನೆಗೆ ಹೋಗಿ ಸಕ್ಕರೆ ಡಬ್ಬಿ ತಂದು ನನ್ನ ಬಾಯಿಗೆ ಒಂದು ಚಿಟಿಕೆ ಹಾಕಿದರು.

ಕಳೆದ ಭಾನುವಾರ ಮೂವರೂ ನಮ್ಮ ಮನೆಗೆ ಬಂದಿದ್ದರು. ಮಗು ಹುಟ್ಟಿದ ಮೇಲೆ ಸಹನಾ ಗಂಡನಿಗೆ ಎಲ್ಲವನ್ನೂ ಹೇಳಿದ್ದಳು. ನಮ್ಮೆಜಮಾನರ ಮುಂದೆ ತಲೆ ಎತ್ತಲಾಗದೆ ನಿಂತ. "ಸಾರ್, ನಾನ್ ಅವತ್ತು ಏನೇನೋ ಅಂದ್ಬಿಟ್ಟೆ. ನೀವ್ಯಾಕ್ ಸಾರ್ ತಿರುಗಿ ಒಂದ್ ಮಾತೂ ಆಡ್ಲಿಲ್ಲ?" ಇವರು ನಕ್ಕು, ಕಾಫಿ ಕುಡೀರಿ ಅಂದರು.

ಹಣದ ಮಾತು ಬಂತು. ಪೂರ್ತಿ ಕಟ್ಟುತ್ತೇನೆ, ಈಗಲೇ ಲಿಂಕ್ ಕಳಿಸಿ ಎಂದು ಆತ ಹಟ ಹಿಡಿದ. ಅತ್ತೆ ಒಪ್ಪಲಿಲ್ಲ. "ತವರಿಂದ ಬಂದದ್ದಕ್ಕ ಯಾರರ ರೊಕ್ಕ ಕೊಡ್ತಾರೇನು? ಬೇಕಾದ್ರ ಆ ಕೊರಿಯರಿಂದು ಕೊಡು. ಅದು ಗಾಳಿಗೆ ಹೋದ ರೊಕ್ಕ."

ಆಮೇಲೆ ಕೌದಿ ಬಿಚ್ಚಿದರು. ಡ್ರಾಯರಿನ ಮಡಿಕೆಗಳು ಹಾಗೇ ಇದ್ದವು. ಬಾಯಿ ಬಿಟ್ಟಿದ್ದ ಮೂಲೆಗೆ ನಾಲ್ಕು ಅಕ್ಕಿಕಾಳು ಹಾಕಿ, ನೇತಾಡುತ್ತಿದ್ದ ಅದೇ ದಾರವನ್ನು ಸೂಜಿಗೆ ಪೋಣಿಸಿ ಹೊಲಿಯಲು ಕೂತರು. ಕಣ್ಣಿಗೆ ಮಂಜೂ ಇಲ್ಲ, ಗಿಂಜೂ ಇಲ್ಲ. ಒಂದೇ ಸಲಕ್ಕೆ ಪೋಣಿಸಿದರು.

ಹೊಲಿಗೆ ಮುಗಿಯುವವರೆಗೆ ಆತ ಮಗುವನ್ನು ಎತ್ತಿಕೊಂಡು ನೋಡುತ್ತಾ ನಿಂತಿದ್ದ. ಕೊನೆಗೆ ಹೆಂಡತಿಯ ಕಡೆ ತಿರುಗಿ, ಮೆಲ್ಲಗೆ, "ನಂಗ್ಯಾಕೆ ಅವತ್ತೇ ಹೇಳ್ಲಿಲ್ಲ?" ಅಂದ.

"ನೀವು ಹೆದರ್ತೀರ ಅಂತ."

"ನೀನು ಹೆದರ್ತೀಯ ಅಂತಾನೇ ಕಣೇ ನಾನು ಏನೂ ತರೋದ್ ಬೇಡ ಅಂದಿದ್ದು."

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಂತರು. ನಾವು ಮೂವರೂ ಬೇರೆ ಕಡೆ ನೋಡಿದೆವು.

ನನಗೆ ಇನ್ನೂ ಆ ಇಬ್ಬರ ಮಾತು ಕೇಳಿದ ಆಘಾತದಿಂದ ಹೊರಬರಲು ಆಗಿಲ್ಲ. ಪೇಮೆಂಟ್ ಕಂಪನಿ, ಬ್ಯಾಂಕು, ಕೊರಿಯರಿನವನ ಟೇಪು, ಇವೆಲ್ಲ ನನಗೆ ನಿಧಾನವಾಗಿ ಅರ್ಥವಾಗುತ್ತಿವೆ. ಅರ್ಥವಾಗದೇ ಉಳಿದದ್ದು ಇದೊಂದೇ. ನಿಮ್ಮ ಮನೆಯಲ್ಲೂ ಕಾರ್ಡಿನ ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿರಬಹುದು.

ಯಾರು ಯಾತಕ್ಕೆ ಹೆದರುತ್ತಿದ್ದಾರೆ ಎನ್ನುವುದು ಗೊತ್ತಿದೆಯೇ?